ಒಂದು ಹೊಳೆ, ಎರಡು ರಾತ್ರಿ

ಶುಕ್ರವಾರ ಸಂಜೆ ಹುಬ್ಬಳ್ಳಿಯಿಂದ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು, ಒಂದೇ ಸಮನೆ ಮೂರು ತಾಸಿಗಿಂತ ಹೆಚ್ಚು ಕಾರು ಓಡಿಸಬಾರದು, ಮಕ್ಕಳನ್ನು ಧಾರವಾಡದ ಅಜ್ಜಿಯ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೋಗಬೇಕು ಎಂಬ ಮೂರು ಕರಾರುಗಳಿಗೆ ಒಪ್ಪಿದ ಮೇಲೂ ಊರು ಯಾವುದೆಂಬ ಚರ್ಚೆ ನಮ್ಮ ಮನೆಯಲ್ಲಿ ಎರಡು ವಾರ ನಡೆಯಿತು. ಗೋವಾ ಬೇಡವೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ದಾಂಡೇಲಿಯನ್ನು ನಾನೇ ತಳ್ಳಿಹಾಕಿದೆ. ಕಾಡಿನ ನಡುವೆ ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕ ಕೇಳುವುದಾದರೆ ನಮ್ಮ ಓಣಿಯ ಗಣೇಶನ ಹಬ್ಬವೇ ಸಾಕು. ಕಾರವಾರವೆಂದರೆ ನನಗೆ ಪ್ರೀತಿಯಿದೆ. 1882ರಲ್ಲಿ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದ ರವೀಂದ್ರನಾಥ ಠಾಕೂರರು ಕಾಳಿ ನದಿಯಲ್ಲಿ ದೋಣಿಯಲ್ಲಿ ಕುಳಿತದ್ದನ್ನು ನೆನೆಯುತ್ತ ನಾನೂ ಎರಡು ಬಾರಿ ಕುಳಿತಿದ್ದೇನೆ. ಆದರೆ ಘಟ್ಟದಲ್ಲಿ ಲಾರಿಗಳ ಸಾಲು ಸಿಕ್ಕಿದರೆ ನಮ್ಮ ಮೂರು ತಾಸಿನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಒಂದು ರಾತ್ರಿ ಉತ್ತರ ಕನ್ನಡ ಜಿಲ್ಲೆಯ ನಕಾಶೆಯನ್ನು ಊಟದ ಮೇಜಿನ ಮೇಲೆ ಹರಡಿ, ಶಿರಸಿಯ ಮೇಲೆ ಬೆರಳಿಟ್ಟು, ಕುಮಟೆಯ ಕಡೆಗೆ ಮೆಲ್ಲಗೆ ಎಳೆದಳು. "ನಾಕ ಜಾಗಾ ನೋಡೂದು ಬ್ಯಾಡ್ರಿ. ಒಂದ ಹೊಳಿ ಹಿಡಕೊಂಡು ಹೋಗೋಣು" ಎಂದಳು. ಆ ಹೊಳೆ ಅಘನಾಶಿನಿ. ಅದರ ಒಂದು ಕವಲು ಶಿರಸಿ ಪಟ್ಟಣದ ಶಂಕರಹೊಂಡದಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ ಹುಟ್ಟಿ, ಎರಡೂ ಮುತ್ತಳ್ಳಿಯ ಬಳಿ ಕೂಡಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಎಲ್ಲಿಯೂ ಅಣೆಕಟ್ಟು ಕಾಣದೆ ತದಡಿಯಲ್ಲಿ ಸಮುದ್ರ ಸೇರುತ್ತದೆ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರ್, ಶಿರಸಿಯಿಂದ ಕುಮಟೆಗೆ ಸುಮಾರು 60. ಹದಿನಾಲ್ಕು ವರ್ಷಗಳ ದಾಂಪತ್ಯದಲ್ಲಿ ಇಷ್ಟು ಬೇಗ ನಾನು ಯಾವ ಮಾತಿಗೂ ಒಪ್ಪಿದ್ದಿಲ್ಲ.

ಶಿರಸಿಯ ರಾತ್ರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ತಲುಪಿದಾಗ ಒಂಬತ್ತು ದಾಟಿತ್ತು, ಚಳಿಯಿತ್ತು, ಪೇಟೆಯಿಂದ ಸ್ವಲ್ಪ ಹೊರಗಿದ್ದ ಮನೆವಾಸ್ತವ್ಯದ ಅಮ್ಮ "ಆಸ್ರಿಗೆ ಎಂತ ಬೇಕು?" ಎಂದು ಕೇಳಿದ್ದನ್ನು ನಾನು ಆಸರೆಯೆಂದು ತಿಳಿದು "ಒಂದು ಕೋಣೆ ಸಾಕು" ಎಂದುಬಿಟ್ಟೆ. ಕುಡಿಯಲು ಏನು ಕೊಡಲಿ ಎಂಬುದು ಆ ಮಾತಿನ ಅರ್ಥವೆಂದು ಆಕೆ ನಗು ನಿಲ್ಲಿಸಿದ ಮೇಲೆ ತಿಳಿಯಿತು. ಊಟಕ್ಕೆ ಬಡಿಸಿದ ಅಪ್ಪೆಹುಳಿಯನ್ನು ನಾನು ಲೋಟದಲ್ಲಿ ಮೂರು ಬಾರಿ ಹಾಕಿಸಿಕೊಂಡೆ. ಬೆಳಿಗ್ಗೆ ಶಂಕರಹೊಂಡದ ದಂಡೆಯಲ್ಲಿ ಹತ್ತು ನಿಮಿಷ ನಿಂತೆವು. ನೋಡುವುದಕ್ಕೆ ಅದೊಂದು ಸಾಧಾರಣ ಹೊಂಡ. ಮುಂದೆ ಏನಾಗುತ್ತದೆಂಬುದು ಗೊತ್ತಿಲ್ಲದವರು ಅದನ್ನು ತಿರುಗಿಯೂ ನೋಡಲಾರರು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲಗೊಳಿಸುವ ಕೆಲಸಕ್ಕಾಗಿ ಸಂಚಾರವನ್ನು ಆಗಾಗ ನಿರ್ಬಂಧಿಸುವುದುಂಟು. ನಾವು ಹೊರಡುವ ಮೊದಲು ಶಿರಸಿಯ ಬಸ್ ನಿಲ್ದಾಣದಲ್ಲಿ ಒಬ್ಬ ಚಾಲಕರನ್ನು ಕೇಳಿಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಮೊಬೈಲಿನ ನಕಾಶೆ ಇಂಥ ವಿಷಯಗಳಲ್ಲಿ ಬಹಳ ಆಶಾವಾದಿ.

ಎರಡನೆಯ ರಾತ್ರಿಗೆಂದು ಗೋಕರ್ಣದ ಹತ್ತಿರ ಮುಂಗಡ ಹಣ ಕಟ್ಟಿ ಕಾದಿರಿಸಿದ್ದ ವಸತಿಗೃಹದ ಕಥೆಯನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ದಂಪತಿಗಳಿಗೆಂದೇ ವಿಶೇಷ, ಸಮುದ್ರ ಕಾಣುವ ಕೋಣೆ ಎಂದು ಅವರು ಬರೆದಿದ್ದರು. ಕೌಂಟರಿನಲ್ಲಿದ್ದ ಹುಡುಗ ನಮ್ಮಿಬ್ಬರ ಆಧಾರ್ ಕಾರ್ಡುಗಳನ್ನು ಅಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದ. ನನ್ನ ಹೆಂಡತಿಯ ಕಾರ್ಡಿನಲ್ಲಿ ಇಂದಿಗೂ ಅವಳ ತಂದೆಯ ಹೆಸರು, ಧಾರವಾಡದ ವಿಳಾಸ. "ಇವರು ನಿಮಗೆ ಏನಾಗಬೇಕು ಸರ್?" ಎಂದ. ತಲೆ ನರೆಯತೊಡಗಿದ ನನ್ನನ್ನೂ, ಕೈಯಲ್ಲಿ ಚಪಾತಿ ಡಬ್ಬಿಯ ಚೀಲ ಹಿಡಿದಿದ್ದ ಅವಳನ್ನೂ ನೋಡಿದ ಮೇಲೂ ಅವನಿಗೆ ಆ ಸಂಶಯ ಉಳಿದಿತ್ತು. ಕೊನೆಗೆ ಅವಳು ಮೊಬೈಲಿನಲ್ಲಿದ್ದ ಮದುವೆಯ ಫೋಟೋ ತೋರಿಸಿದಳು. ಅವನು ಫೋಟೋವನ್ನು ಹಿಗ್ಗಿಸಿ ನನ್ನ ಮುಖವನ್ನು ಪರೀಕ್ಷಿಸಿ, "ಆಗ ಕೂದಲಿತ್ತು" ಎಂದು ಕೀಲಿ ಕೊಟ್ಟ. ಸಮುದ್ರವು ಸ್ನಾನದ ಮನೆಯ ಮೇಲ್ಕಿಟಕಿಯಿಂದ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತರೆ ಕಾಣುತ್ತಿತ್ತು. ಹಣ ಹಿಂತಿರುಗಿಸುವುದಿಲ್ಲವೆಂದು ಗೋಡೆಗೆ ಅಂಟಿಸಿಯೇ ಇಟ್ಟಿದ್ದರು. ಕೋಣೆ ಕಾದಿರಿಸುವ ಮೊದಲು ಕಿಟಕಿಯಿಂದ ಕಾಣುವ ನೋಟದ ವಿಡಿಯೋ ಕಳಿಸಿರೆಂದು ಕೇಳಬೇಕು. ಕಳಿಸಲು ಹಿಂದೆಮುಂದೆ ನೋಡಿದರೆ ಬೇರೆ ಕಡೆ ನೋಡಬೇಕು. ಮೂಲ ಗುರುತಿನ ಚೀಟಿಗಳನ್ನು ಗಂಡ ಹೆಂಡತಿ ಇಬ್ಬರೂ ಒಯ್ಯಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಆ ಕೋಣೆಯಲ್ಲಿ ಕುಳಿತಿರಲು ಮನಸ್ಸಾಗದೆ ನಾಲ್ಕು ಗಂಟೆಗೆ ತದಡಿಗೆ ಹೊರಟೆವು. ಬಂದರಿನ ಬಳಿ ಕಾರು ನಿಲ್ಲಿಸಿ, ಒಣಗುತ್ತಿದ್ದ ಬಲೆಗಳನ್ನು ದಾಟಿ, ಆಚೆ ದಡದ ಅಘನಾಶಿನಿ ಊರಿಗೆ ಹೋಗುವ ದೋಣಿ ಹತ್ತಿದೆವು. ನಮ್ಮ ಜೊತೆ ಎರಡು ಬೈಕು, ಒಂದು ಮೀನಿನ ಬುಟ್ಟಿ, ಟ್ಯೂಷನ್ ಮುಗಿಸಿದ ನಾಲ್ವರು ಹುಡುಗಿಯರು. ಅಮಾವಾಸ್ಯೆಯ ಹಿಂದಿನ ದಿನವಾದ್ದರಿಂದ ಇಳಿತ ಜೋರಾಗಿತ್ತು. ದಡದ ಉದ್ದಕ್ಕೂ ನೀರು ಹಿಂದೆ ಸರಿದು ಬೂದುಬಣ್ಣದ ಕೆಸರು ಹೊಳೆಯುತ್ತಿತ್ತು, ಅದರಾಚೆ ಸೊಂಟದ ಮಟ್ಟದ ನೀರಿನಲ್ಲಿ ನೂರಕ್ಕೂ ಹೆಚ್ಚು ಜನ ಬಾಗಿ ನಿಂತಿದ್ದರು. ದೂರದಿಂದ ನೋಡಿದಾಗ ಹೊಳೆಯಲ್ಲಿ ನಾಟಿ ನಡೆಯುತ್ತಿದೆಯೇನೋ ಅನಿಸಿತು. ಅವರು ಹೆಕ್ಕುತ್ತಿದ್ದುದು ಬಳಚು, ಕೆಸರಿನಲ್ಲಿ ಹುದುಗಿರುವ ಚಿಪ್ಪಿನ ಜೀವಿ.

ದಡಕ್ಕೆ ಹತ್ತಿರದಲ್ಲೇ ಒಬ್ಬ ಹೆಂಗಸಿದ್ದಳು. ವಯಸ್ಸು ಐವತ್ತೈದರ ಮೇಲಿರಬೇಕು. ಸೀರೆಯನ್ನು ಮೇಲಕ್ಕೆ ಕಟ್ಟಿ, ತಲೆಗೆ ಟವೆಲ್ ಸುತ್ತಿದ್ದಳು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಅಲ್ಯುಮಿನಿಯಂ ಪಾತ್ರೆ ತೇಲುತ್ತ ಅವಳು ಹೋದ ಕಡೆಗೆಲ್ಲ ಹಿಂಬಾಲಿಸುತ್ತಿತ್ತು. ಅವಳು ನೀರನ್ನು ನೋಡುತ್ತಲೇ ಇರಲಿಲ್ಲ. ಪಾದವನ್ನು ಕೆಸರಿನಲ್ಲಿ ಅತ್ತಿತ್ತ ತಿರುಗಿಸಿ, ಒಂದು ಕ್ಷಣ ನಿಂತು, ತಟ್ಟನೆ ಬಾಗಿ, ಮುಷ್ಟಿ ತುಂಬ ಕೆಸರೆತ್ತಿ ನೀರಿನಲ್ಲಿ ಜಾಲಿಸಿದರೆ ಬೆರಳುಗಳ ನಡುವೆ ಮೂರೋ ನಾಲ್ಕೋ ಚಿಪ್ಪುಗಳು ಉಳಿಯುತ್ತಿದ್ದವು. ಪಾತ್ರೆಗೆ ಬೀಳುವಾಗ ಅವು ಗೋಲಿಗಳಂತೆ ಸದ್ದು ಮಾಡುತ್ತಿದ್ದವು.

"ಅಕ್ಕಾರ, ಕಾಲಿಗೆ ಹ್ಯಾಂಗ ಗೊತ್ತಾಗ್ತದರೀ?" ಎಂದು ನನ್ನ ಹೆಂಡತಿ ದಡದಿಂದಲೇ ಕೇಳಿದಳು.

"ಅಕ್ಕಿಯಾಗೆ ಕಲ್ಲು ಇದ್ರೆ ಕೈಗೆ ಗೊತ್ತಾಗೂದಿಲ್ವಾ? ಹಾಂಗೇ" ಎಂದಳು ಅವಳು. "ಎಲ್ಲಿಂದ ಬಂದ್ರಿ? ದೇವಸ್ಥಾನಕ್ಕಾ?"

ದೇವಸ್ಥಾನಕ್ಕಲ್ಲ, ಸುಮ್ಮನೆ ಬಂದೆವೆಂದಾಗ ಅವಳು ನೆಟ್ಟಗೆ ನಿಂತಳು. ಮಕ್ಕಳಿಲ್ಲವೇ ಎಂದಳು. ಇದ್ದಾರೆ, ಅಜ್ಜಿಯ ಮನೆಯಲ್ಲಿದ್ದಾರೆ. ಹಾಗಾದರೆ ಜಗಳವೇ ಎಂದಳು. ಇಲ್ಲ. "ಮತ್ತೆಂತಕ್ಕೆ ಇಬ್ರೇ ತಿರ್ಗೂಕೆ ಬಂದದ್ದು?" ಎಂದು ಕೇಳಿದ ಅವಳಿಗೆ, ಎರಡು ವಾರ ಚರ್ಚಿಸಿ ಪ್ರವಾಸದ ಯೋಜನೆ ಮಾಡಿದ್ದ ನಮ್ಮಿಬ್ಬರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವಳು ಇಪ್ಪತ್ತು ಮಾರು ದೂರದಲ್ಲಿ ಎದೆಮಟ್ಟದ ನೀರಿನಲ್ಲಿದ್ದ ಒಬ್ಬ ಗಂಡಸಿನತ್ತ ಕೈತೋರಿಸಿ, "ಅವ್ರು ನಮ್ಮನೆಯವ್ರು. ನೀರು ಇಳಿದಾಗೆಲ್ಲ ನಾವೂ ಇಬ್ರೇ ಬರೂದು. ಮಾತಿಲ್ಲ ಕತೆಯಿಲ್ಲ" ಎಂದು ನಕ್ಕಳು. ಆತ ತನ್ನ ವಿಷಯವೇ ಬಂದಿದೆಯೆಂದು ಗೊತ್ತಾದವನಂತೆ ಒಮ್ಮೆ ತಲೆಯೆತ್ತಿ, ಮತ್ತೆ ಮುಳುಗಿದ.

ನಾವು ಅಲ್ಲಿ ಮುಕ್ಕಾಲು ಗಂಟೆ ನಿಂತೆವು. ಮಳೆಗಾಲದಲ್ಲಿ ಸಿಹಿನೀರು ಒಮ್ಮೆಲೇ ನುಗ್ಗಿ ಬಂದರೆ ಬಳಚು ಸಾಯುತ್ತದೆ, ಆಗ ಈ ಕೆಲಸವಿಲ್ಲ ಎಂದಳು. ಆಗ ಗಜನಿಯಲ್ಲಿ ಭತ್ತ. ಗಜನಿಯೆಂದರೆ ಉಪ್ಪುನೀರು ಬಂದುಹೋಗುವ ತಗ್ಗಿನ ಗದ್ದೆ; ಕಗ್ಗ ಎಂಬ ತಳಿ ಆ ಉಪ್ಪನ್ನು ತಡೆದುಕೊಂಡು, ಗೊಬ್ಬರ ಕೇಳದೆ, ಆಳೆತ್ತರಕ್ಕೆ ಬೆಳೆಯುತ್ತದೆ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಬಾಗಿಲು ತೆರೆದರೆ ಅದೇ ಗದ್ದೆಗೆ ಸಿಗಡಿ, ಮೀನು ಬರುತ್ತವೆ. ಕಗ್ಗ ಮಾಡುವವರು ಈಗ ಕಡಿಮೆಯಾಗಿದ್ದಾರೆಂದು ಅವಳೇ ಹೇಳಿದಳು. ಈ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣಗಳ, ಎಂದರೆ ಮಹತ್ವದ ಜೌಗು ಪ್ರದೇಶಗಳ, ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿದ್ದನ್ನು ನನ್ನ ಹೆಂಡತಿ ತರಗತಿಯಲ್ಲಿ ಪಾಠ ಮಾಡಿದ್ದಾಳೆ, ಅದನ್ನು ಹೇಳಿದಾಗ ಹೆಂಗಸು, "ಹೌದಾ, ಬಳಚಿನ ರೇಟು ಹೆಚ್ಚು ಮಾಡ್ತ್ರಾ?" ಎಂದಳು.

ಬೆಳಿಗ್ಗೆ ಶಿರಸಿಯಲ್ಲಿ ಈ ಹೊಳೆ ಹುಟ್ಟುವ ಹೊಂಡವನ್ನು ನೋಡಿ ಬಂದೆವೆಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವಳಿಗೆ ಅದರಲ್ಲಿ ಹೊಸದೇನಿರಲಿಲ್ಲ. "ಮಳೆಗಾಲದಾಗೆ ಮೇಲಿಂದ ಅಡಿಕೆ ಸೋಗೆ, ಹಾಳೆ ಎಲ್ಲಾ ತೇಲ್ಕೊಂಡು ಬರ್ತದೆ. ಇವ್ರು ಹಿಡ್ದು ಒಲೆಗೆ ಒಣಗಿಸ್ತ್ರು. ಶಿರಸಿಯವ್ರ ಕಸದಾಗೆ ನಮ್ಮನೆ ಬೆಂಕಿ" ಎಂದಳು. ತಾನು ಶಿರಸಿಗೆ ಹೋದದ್ದು ಒಂದೇ ಬಾರಿ, ಮದುವೆಯಾದ ವರ್ಷ, ಮಾರಿಕಾಂಬೆಯ ಜಾತ್ರೆಗೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಮುಂದಿನ ಸಲ ಎಂದು ಗಂಡ ಹೇಳುತ್ತ ಬಂದಿದ್ದಾನೆ. ನಮ್ಮ ಕಾರಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಕೇಳಿದಳು. ಎರಡು ತಾಸು ಎಂದೆ. ಅವಳು ಪಾದ ತಿರುಗಿಸುವುದನ್ನು ನಿಲ್ಲಿಸಿ ಘಟ್ಟದ ಕಡೆಗೆ ನೋಡಿದಳು. "ಎರಡೇ?" ಎಂದಳು.

ಕೊನೆಯ ದೋಣಿಯವನು ಕೂಗುತ್ತಿದ್ದ. ಬಳಚು ತಿನ್ನುತ್ತೀರಾ ಎಂದು ಕೇಳಿ, ಇಲ್ಲವೆಂದಾಗ ಅಯ್ಯೋ ಎಂಬಂತೆ ಮುಖ ಮಾಡಿ, ದಡದಲ್ಲಿ ಬಿದ್ದಿದ್ದ ಖಾಲಿ ಚಿಪ್ಪುಗಳಲ್ಲಿ ಒಂದು ಹಿಡಿಯನ್ನು ತೊಳೆದು ನನ್ನ ಹೆಂಡತಿಯ ಕರ್ಚೀಫಿಗೆ ಸುರಿದಳು. ದೋಣಿ ಹೊರಟಾಗ ಭರತ ಶುರುವಾಗಿತ್ತು. ಅವಳ ಗಂಡ ದಡದತ್ತ ಬರುತ್ತಿದ್ದ. ಅವಳು ಕೈಚಾಚಿ ಅವನ ಪಾತ್ರೆಯ ಹಗ್ಗವನ್ನು ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ನಮ್ಮ ದೋಣಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಭಾನುವಾರ ಅಂಕೋಲೆಯ ಮೇಲೆ ಯಲ್ಲಾಪುರದ ದಾರಿ ಹಿಡಿದೆವು. ಅಂಕೋಲೆಗಿಂತ ಮೊದಲು ಸಿಗುವ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿ ನದಿಗೆ ತಳ್ಳಿದ ಜಾಗದಲ್ಲಿ, ಕಾರು ತಾನಾಗಿ ನಿಧಾನವಾಯಿತು. ಜಲಪಾತ ತುಂಬಿರುತ್ತದೆಂಬ ಆಸೆಗೆ ಮಳೆಗಾಲದಲ್ಲೇ ಇಲ್ಲಿಗೆ ಹೊರಡುವ ಸ್ನೇಹಿತರಿಗೆ ಅಕ್ಟೋಬರ್ ಕಳೆಯಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಚಿಪ್ಪುಗಳು ಈಗ ನಮ್ಮ ಟಿವಿಯ ಪಕ್ಕದಲ್ಲಿ ಸ್ಟೀಲ್ ಬಟ್ಟಲಿನಲ್ಲಿವೆ. ಎರಡು ಬಾರಿ ತೊಳೆದರೂ ವಾಸನೆ ಪೂರ್ತಿ ಹೋಗಿಲ್ಲ. ಸೋಮವಾರ ಬೆಳಿಗ್ಗೆ, ಆಧಾರ್‌ನಲ್ಲಿ ನಿನ್ನ ವಿಳಾಸವನ್ನು ಇನ್ನಾದರೂ ಬದಲಿಸೋಣವೇ ಎಂದು ಕೇಳಿದೆ. "ಮುಂದಿನ ಸಲ ಹೋಗೂದರೊಳಗ ನಿಮ್ದ ಧಾರವಾಡಕ್ಕ ಮಾಡಿಸ್ರಿ, ಅಷ್ಟ ಸಾಕು" ಎಂದು ಅವಳು ಶಾಲೆಗೆ ಹೊರಟಳು.