ಮೇಷ್ಟ್ರು ಬರೆದ ಹುಟ್ಟಿದ ದಿನ

ನಮ್ಮ ಅಪ್ಪ ಹುಟ್ಟಿದ್ದು ಆಸಾಡಿ ಅಮಾಸೆಯ ಮರುದಿನ. ದಾಖಲೆಯಲ್ಲಿರುವುದು ಮಾತ್ರ ಜೂನ್ 1, ಅದೂ ಒಂದು ವರ್ಷ ಹಿಂದಿನದ್ದು. ಶಾಲೆಗೆ ಸೇರಿಸಲು ಅಜ್ಜಿ ಕರೆದುಕೊಂಡು ಹೋದಾಗ ಮೇಷ್ಟ್ರು ಹುಡುಗನ ಎತ್ತರ ನೋಡಿ ಬರೆದುಕೊಂಡದ್ದಂತೆ. ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ ಅಪ್ಪ ಮೇ 31ಕ್ಕೆ ಮನೆಗೆ ಬಂದರು. ಹದಿನಾಲ್ಕು ತಿಂಗಳ ಸಂಬಳ ಹೋಯ್ತು ಎಂದು ಅಮ್ಮ ಈಗಲೂ ಆ ಮೇಷ್ಟ್ರಿಗೆ ಬೈಯುವುದುಂಟು.

ನಾನು ಉಡುಪಿಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಪುಟಪುಟದಲ್ಲೂ ಜೂನ್ 1. ಇಡೀ ಊರಿನ ಹೆಂಗಸರು ಒಂದೇ ದಿನ ಹೆತ್ತರೋ ಎಂಬಂತೆ!

ಇದೆಲ್ಲ ಈಗ ನೆನಪಾದದ್ದು ಅಕ್ಕನ ಮನೆಯ ಮಾಣಿಯಿಂದ. ನಮ್ಮ ಕಡೆ ಹುಡುಗನಿಗೆ ಮಾಣಿ ಅನ್ನುವುದು. ಅಕ್ಕ ಇಂಗ್ಲೆಂಡಿನಲ್ಲಿ ನರ್ಸ್. ಅಪ್ಪ ಅಮ್ಮ ಜೊತೆಗಿಲ್ಲದೆ ಆಶ್ರಯ ಕೇಳಿ ಬಂದ 18ರೊಳಗಿನ ಮಕ್ಕಳ ಹೊಣೆ ಅಲ್ಲಿ ಸ್ಥಳೀಯ ಕೌನ್ಸಿಲ್‌ನದು. ಕೌನ್ಸಿಲ್ ಅವರಲ್ಲಿ ಹಲವರನ್ನು ಸಾಕುಮನೆಗಳಲ್ಲಿ, ಅಂದರೆ ನೋಡಿಕೊಳ್ಳಲು ಒಪ್ಪಿದ ಕುಟುಂಬಗಳ ಜೊತೆ, ಇಡುತ್ತದೆ. ಅಕ್ಕ-ಭಾವ ಅದಕ್ಕೆ ಅರ್ಜಿ ಹಾಕಿದಾಗ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. "ನನ್ನ ಮದುವೆಗೂ ಇಷ್ಟು ವಿಚಾರಿಸಿರಲಿಲ್ಲ ಮಾರಾಯ್ತಿ" ಅಂದಿದ್ದಳು. ಅಪ್ಪ ದತ್ತು ಅಂದುಕೊಂಡಿದ್ದರು. "ಅಲ್ಲ ಅಪ್ಪ, ಅವನಿಗೆ ಅಮ್ಮ ಇದ್ದಾಳೆ. ನಾವು ನೋಡಿಕೊಳ್ಳುವುದು ಅಷ್ಟೆ."

ಬಂದವನು ಅಫ್ಘಾನಿಸ್ತಾನದ ಹುಡುಗ. ಸಣ್ಣ ದೋಣಿಯಲ್ಲಿ ಕಡಲು ದಾಟಿ ಇಂಗ್ಲೆಂಡಿನ ಡೋವರ್ ಬಂದರಿಗೆ ಬಂದವನು. ಹೆಸರು ಹೇಳುವಂತಿಲ್ಲ, ಫೋಟೋ ಹಾಕುವಂತಿಲ್ಲ. ನಮಗೆ ಅವನು ಮಾಣಿ.

ಮಾಣಿ ತನಗೆ ಹದಿನಾರು ಎಂದ. ಕೈಯಲ್ಲಿ ಕಾಗದವಿಲ್ಲ. ಹದಿನೆಂಟು ದಾಟಿದೆ ಎಂದು ತೀರ್ಮಾನವಾದರೆ ಸಾಕುಮನೆ ಇಲ್ಲ, ಗುರುತಿಲ್ಲದ ದೊಡ್ಡವರ ನಡುವೆ ಇರಬೇಕು. ಮುಖ ನೋಡಿ ಮಾತ್ರ ವಯಸ್ಸು ನಿರ್ಧರಿಸಬಾರದು ಎಂದು ಅಲ್ಲಿನ ನ್ಯಾಯಾಲಯ 2003ರಲ್ಲಿ ಮರ್ಟನ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಇಬ್ಬರು ಸಮಾಜ ಕಾರ್ಯಕರ್ತರು ದುಭಾಷಿಯನ್ನು ಇಟ್ಟುಕೊಂಡು ಕೂತು ಕೇಳಿದರು: ಶಾಲೆಗೆ ಹೋಗಲು ಶುರು ಮಾಡಿದ್ದು ಯಾವಾಗ? ತಮ್ಮನಿಗೂ ನಿನಗೂ ಎಷ್ಟು ಅಂತರ? ಊರು ಬಿಟ್ಟಾಗ ಚಳಿಯಿತ್ತಾ? ಹುಟ್ಟಿದ್ದು ಯಾವಾಗ ಅಂದರೆ ಅವನಿಗೆ ಗೊತ್ತಿದ್ದದ್ದು ಇಷ್ಟೇ, ಹಿಪ್ಪುನೇರಳೆ ಹಣ್ಣಾಗುವ ಹೊತ್ತಿಗೆ ಎಂದು ಅಮ್ಮ ಹೇಳಿದ್ದು.

ಅಕ್ಕನನ್ನೂ ಕೇಳಿದರಂತೆ, ಮನೆಯಲ್ಲಿ ಹೇಗಿರುತ್ತಾನೆ, ಶೇವ್ ಮಾಡುತ್ತಾನಾ ಎಂದು. ಆ ರಾತ್ರಿ ಅವಳು ನನಗೆ ಫೋನ್ ಮಾಡಿದಳು. ಬಚ್ಚಲಿನ ಕಸದ ಡಬ್ಬಿಯಲ್ಲಿ ಟಿಶ್ಯೂವಿನಲ್ಲಿ ಸುತ್ತಿದ ರೇಜರ್ ಸಿಕ್ಕಿತ್ತು. ಮೂಡಿದ್ದು ನಾಲ್ಕು ಕೂದಲು. ಮೀಸೆ ಕಂಡರೆ ದೊಡ್ಡವ ಎಂದುಕೊಳ್ಳುತ್ತಾರೆ ಎಂದು ದಿನಾ ಕೆರೆದು ಗಲ್ಲ ಕೆಂಪು ಮಾಡಿಕೊಂಡಿದ್ದ. "ಹೌದು ಅಂದರೂ ಅವನಿಗೆ ಕಷ್ಟ, ಇಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ನಾನು ಅನ್ನ ಬಡಿಸುವವಳಾ, ಸಾಕ್ಷಿ ಹೇಳುವವಳಾ?" ಕೊನೆಗೆ ಹೌದು ಎಂದೂ ಬರೆದಳು, ಯಾಕೆ ಎಂದೂ ಬರೆದಳು.

ಹದಿನಾರು ಎಂದು ಒಪ್ಪಿದರು. ಹುಟ್ಟಿದ ದಿನ ಜನವರಿ 1 ಎಂದು ಬರೆದುಕೊಂಡರು. ದಿನ ಗೊತ್ತಿಲ್ಲದವರಲ್ಲಿ ಬಹಳ ಜನರದ್ದು ಅದೇ.

ಮುಂದಿನ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಸುದ್ದಿ ಹೇಳಿದೆವು. ಅಪ್ಪನ ಹಿಂದಿ, ಅವನ ಉರ್ದು, ಹೇಗೋ ಮಾತು ಸಾಗುತ್ತದೆ. ರಶೀದ್ ಖಾನ್ ಬೌಲಿಂಗಿನ ಮಾತು ಮುಗಿಸಿ ಅಪ್ಪ ಕೇಳಿದರು, "ಎಂತ ಮಾಣಿ, ನಿಂದೂ ಮೇಷ್ಟ್ರು ಬರ್ದದ್ದಾ?" ಅಕ್ಕ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಹುಡುಗ ನಕ್ಕು ಅಪ್ಪನ ನಿಜವಾದ ದಿನ ಯಾವುದೆಂದು ಕೇಳಿದ. ಅಪ್ಪ ಆಸಾಡಿ ಮಳೆ, ಅಮಾಸೆ, ಅಜ್ಜಿ ಎಲ್ಲ ಹೇಳುತ್ತಾ ಕೂತರು. ಅರ್ಧ ಗಂಟೆ ಫೋನು ನಮ್ಮ ಕೈಗೆ ಬರಲಿಲ್ಲ.

ಸೋಮವಾರ ನನ್ನ ಮೇಜಿನ ಮುಂದೆ ಬಾಗಲಕೋಟೆ ಕಡೆಯ ಗಂಡ-ಹೆಂಡತಿ. ಇಲ್ಲಿ ಕಟ್ಟಡ ಕೆಲಸ, ಮಗುವಿಗೆ ಜನನ ಪತ್ರ ಇಲ್ಲ. ಅದಿಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಉಂಟು. ತಂದೆ-ತಾಯಿಯ ಹೇಳಿಕೆ ಬರೆಸಿಕೊಳ್ಳಬಹುದು. ದಿನಾಂಕ ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ.

"ನೀವೇ ಏನರೆ ಬರ್ಕೋರಿ ಮೇಡಂ."

ಪೆನ್ನು ಜೂನ್ 1ರ ಕಡೆಗೇ ಹೋಗುತ್ತಿತ್ತು. ತಡೆದು ಹೆಂಗಸನ್ನು ಕೇಳಿದೆ, ಆವಾಗ ಯಾವುದಾದರೂ ಹಬ್ಬ ಇತ್ತಾ?

"ಹೊಳಿ ಬಂದ ವರ್ಷರೀ. ಪಂಚಮಿ ಜೋಕಾಲಿ ಕಟ್ಟಿದ್ರು, ಅವತ್ತ ಸಂಜಿಗಿ."

ಆ ಕಡೆ ಹೊಳೆ ಉಕ್ಕಿ ನೆರೆ ಬಂದದ್ದು 2019ರಲ್ಲಿ. ಮೊಬೈಲಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆರೆದು ನಾಗರ ಪಂಚಮಿ ನೋಡಿದೆ. ಆಗಸ್ಟ್ 5. ಬರೆದು ಓದಿ ಹೇಳಿದೆ, ಅವಳು ಹೆಬ್ಬೆಟ್ಟು ಒತ್ತಿದಳು.