ಹಳ್ಳದ ಅಪ್ಪೆಗೆ ಕಸಿ ಕಟ್ಟಿದ ದಿನ

"ಮೇಡಂ, ನಿಮ್ಮ ಮರದ್ದೇ ಕುಡಿ ತರೋದಾದ್ರೆ ಇವತ್ತೇ ಎಲೆ ತೆಗೆಸಿಬಿಡಿ. ತೊಟ್ಟು ಮಾತ್ರ ಕಡ್ಡಿಯಲ್ಲೇ ಇರಲಿ. ಹತ್ತು ದಿನ ಬಿಟ್ಟು ಕೊಯ್ದು ತನ್ನಿ."

ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಿಂದ ಬಂದ ಫೋನು ಅದು. ಕಸಿ ಕಟ್ಟುವ ತರಬೇತಿಗೆ ಹೆಸರು ಕೊಟ್ಟಿದ್ದೆ. ನಾನು 33 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ನಿವೃತ್ತಿಯ ಮೇಲೆ ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲೇ ಇದ್ದೇನೆ. ಎಲೆ ಯಾಕೆ ತೆಗೀಬೇಕು ಅಂತ ಆಗ ಗೊತ್ತಿರಲಿಲ್ಲ. ಅಡಿಕೆ ಕೊನೆ ಕೊಯ್ಯಲು ಬರುವವರನ್ನು ಕರೆಸಿ, ಹೇಳಿದ ಹಾಗೇ ಮಾಡಿಸಿದೆ. ಹತ್ತನೇ ದಿನ ನೋಡಿದರೆ ತೊಟ್ಟುಗಳು ತಾವಾಗಿ ಉದುರಿದ್ದವು. ಕಡ್ಡಿಯ ತುದಿಯ ಮೊಗ್ಗು ದಪ್ಪಗೆ ಉಬ್ಬಿತ್ತು.

ಆ ಮರದ ಬಗ್ಗೆ ಮೊದಲು ಹೇಳಬೇಕು.

ನಮ್ಮ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮಿಡಿ ಮರ ಇದೆ. ಮನೆಯಲ್ಲಿ ಎಲ್ಲರೂ ಅದನ್ನು 'ಹಳ್ಳದ ಅಪ್ಪೆ' ಅಂತಲೇ ಕರೆಯುವುದು. ಮಲೆನಾಡಿನವರಿಗೆ ಅಪ್ಪೆಮಿಡಿ ಅಂದರೆ ಬರೀ ಮಾವಿನ ಮಿಡಿ ಅಲ್ಲ. ತೊಟ್ಟು ಮುರಿದಾಗ ಬರುವ ಸೊನೆಯಲ್ಲೇ ಅದರ ಜೀವ ಇರುವುದು. ಕೆಲವು ಮರದ ಸೊನೆ ಜೀರಿಗೆಯ ಹಾಗೆ ಘಮ್ ಅನ್ನುತ್ತದೆ, ಕೆಲವು ಕರ್ಪೂರದ ಹಾಗೆ. ಶರಾವತಿ, ಅಘನಾಶಿನಿ, ವರದೆಯ ದಂಡೆಗಳಲ್ಲಿ ಒಂದೊಂದು ಮರಕ್ಕೂ ಒಂದೊಂದು ವಾಸನೆ, ಒಂದೊಂದು ಹುಳಿ. ಅನಂತಭಟ್ಟನ ಅಪ್ಪೆಯಂಥ ಹೆಸರಾದ ಜಾತಿಯನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ನಮ್ಮದು ಜೀರಿಗೆ ವಾಸನೆಯ ಮರ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಮೂರು ವರ್ಷ ಕಳೆದರೂ ಕಚ್ಚಿದರೆ ಕಟುಂ ಅನ್ನುತ್ತದೆ.

ಆ ಮರಕ್ಕೆ ಈಗ ವಯಸ್ಸಾಗಿದೆ. ಕಾಂಡಕೊರಕ ಹುಳ ಹೊಕ್ಕು ಬುಡದಲ್ಲಿ ಪುಡಿ ಉದುರುತ್ತಿದೆ. ಮೇಲಿನ ಕೊಂಬೆಗಳಿಗೆಲ್ಲ ಮರದ ರಸ ಹೀರಿ ಬದುಕುವ ಬಂದಳಿಕೆ ಗಿಡ ಹಬ್ಬಿದೆ. ಪ್ರತಿ ಮಳೆಗಾಲದಲ್ಲೂ ಒಂದು ಕೊಂಬೆ ಹಳ್ಳಕ್ಕೆ ಬೀಳುತ್ತದೆ.

ನಮ್ಮ ಅತ್ತೆಗೆ ಈಗ 84. ಅವರ ತವರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ಗದ್ದೆ ಎಲ್ಲ ನೀರಿನಡಿ ಹೋಯಿತು. ಅವರು ಮನೆಯ ನೆನಪು ಹೇಳುವುದು ಕಡಿಮೆ. ಅಂಗಳದ ಆಚೆ ಹೊಳೆಗೆ ಬಾಗಿದ್ದ ಅಪ್ಪೆ ಮರದ ಸುದ್ದಿ ಮಾತ್ರ ಪ್ರತಿ ವರ್ಷ ಮಿಡಿ ಹಾಕುವಾಗ ಬರುತ್ತದೆ. "ಪಾತ್ರೆ ತಂದ್ವಿ, ದನ ತಂದ್ವಿ, ದೇವ್ರನ್ನೂ ತಂದ್ವಿ. ಆ ಮರದ ಒಂದು ಕುಡಿ ತರ್ಲಿಕ್ಕೆ ಯಾರಿಗೂ ತಿಳೀಲಿಲ್ಲ ನೋಡು" ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಗುತ್ತದೆ.

ನಾವು ಪ್ರಯತ್ನವನ್ನೇ ಮಾಡಿಲ್ಲ ಅಂತಲ್ಲ. ಹಳ್ಳದ ಅಪ್ಪೆಯ ಹಣ್ಣು ಉದುರಿದಾಗ ಅದರ ವಾಟೆ, ಅಂದರೆ ಗೊರಟು, ಹುಗಿದು ಎರಡು ಗಿಡ ಮಾಡಿದ್ದೆವು. ಎಂಟು ವರ್ಷ ಕಾದ ಮೇಲೆ ಕಾಯಿ ಬಿಟ್ಟಿತು. ಹುಳಿ ಇತ್ತು, ಜೀರಿಗೆ ವಾಸನೆ ಇರಲಿಲ್ಲ. ಆಮೇಲೆ ಒಂದು ನರ್ಸರಿಯಿಂದ ಅಪ್ಪೆ ಕಸಿ ಗಿಡ ಅಂತ ತಂದು ನೆಟ್ಟೆವು. ಅದರ ಮಿಡಿಗೆ ಸೊನೆಯೇ ಸರಿಯಾಗಿ ಇರಲಿಲ್ಲ. ಅಷ್ಟು ವರ್ಷ ನೀರು ಹೊಯ್ದು ಬೆಳೆಸಿದ ಗಿಡ. ಬೇಜಾರಾಯಿತು. ನಮ್ಮ ಮರದ ಕಸಿಯನ್ನು ನಾವೇ ಕಟ್ಟಬೇಕು ಅಂತ ಅವತ್ತೇ ಅನ್ನಿಸಿತ್ತು.

ಜುಲೈ ತಿಂಗಳು. ಬೆಳಿಗ್ಗೆ ಕತ್ತಲಿರುವಾಗಲೇ ಹದಿನಾಲ್ಕು ಕುಡಿ ಕೊಯ್ಸಿದೆ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ. ಕೊಯ್ಯುವವರಿಗೆ ಕೆಳಗಿನಿಂದಲೇ ಕೂಗಿ ಕೂಗಿ ಹೇಳುತ್ತಿದ್ದೆ, ಬಂದಳಿಕೆಯ ಕಡ್ಡಿ ಬರಬಾರದು ಅಂತ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ, ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಶಿವಮೊಗ್ಗ ಮುಟ್ಟುವವರೆಗೂ ಚೀಲ ಮಡಿಲಲ್ಲೇ ಇತ್ತು.

ತರಬೇತಿಗೆ ಇಪ್ಪತ್ತು ಜನರ ಮೇಲೆ ಇದ್ದೆವು. ಎಂಜಿನಿಯರ್ ಕೆಲಸ ಬಿಟ್ಟು ಊರಿಗೆ ಬಂದ ಹುಡುಗ ಒಬ್ಬ, ಸ್ವಸಹಾಯ ಸಂಘದ ಹೆಂಗಸರು ನಾಲ್ಕು ಜನ, ಹೊಸನಗರ ಕಡೆಯ ಅಡಿಕೆ ಬೆಳೆಗಾರರು. ಬೆಳಿಗ್ಗೆ ಪಾಠ ಮಾಡಿದ ವಿಜ್ಞಾನಿಗೆ ನನ್ನ ಮಗಳ ವಯಸ್ಸು. ಬೋರ್ಡಿನ ಈ ಕಡೆ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುವುದು ನನಗೆ ತುಂಬಾ ಇಷ್ಟವಾಯಿತು.

ನಮ್ಮ ವಾಟೆಯ ಗಿಡ ಯಾಕೆ ತಾಯಿಯ ಹಾಗೆ ಬರಲಿಲ್ಲ ಅನ್ನುವುದು ಅಲ್ಲಿ ತಿಳಿಯಿತು. ಮಾವಿನ ಹೂವಿಗೆ ನೊಣ, ಜೇನು ಎಲ್ಲಿಯದೋ ಮರದ ಪರಾಗ ತಂದು ಹಾಕಿರುತ್ತವೆ. ವಾಟೆಯಿಂದ ಹುಟ್ಟಿದ್ದು ಎರಡು ಮರದ ಮಗು. ಅದು ತಾಯಿಯನ್ನೇ ಹೋಲಬೇಕು ಅಂತ ಇಲ್ಲ. ಕಸಿಯಲ್ಲಿ ಮಾತ್ರ ಮರದ ಒಂದು ತುಂಡೇ ಇನ್ನೊಂದರ ಬೇರಿನ ಮೇಲೆ ಬೆಳೆಯುತ್ತದೆ. ಹಾಗಾಗಿ ಅದು ಅದೇ ಮರ. ಎಲೆ ತೆಗೆಸಿದ್ದು ಯಾಕೆ ಅಂತಲೂ ಗೊತ್ತಾಯಿತು. ಎಲೆ ಇಲ್ಲದಾಗ ಮೊಗ್ಗಿಗೆ ಎಚ್ಚರ ಆಗುತ್ತದೆ, ಕಡ್ಡಿ ಚಿಗುರಲು ತಯಾರಾಗುತ್ತದೆ. ಅಂಥ ಕಡ್ಡಿಯನ್ನು ಕೂಡಿಸಿದರೆ ಬೇಗ ಹಿಡಿಯುತ್ತದೆ.

ಮಧ್ಯಾಹ್ನದ ಮೇಲೆ ಕೈಕೆಲಸ. ನೆರಳುಮನೆಯಲ್ಲಿ ಕಾಡುಮಾವಿನ ಸಸಿಗಳನ್ನು ಸಾಲಾಗಿ ಇಟ್ಟಿದ್ದರು. ಹಿಂದಿನ ವರ್ಷದ ವಾಟೆಯಿಂದ ಎದ್ದ ಸಸಿಗಳು. ಮಾವಿನ ವಾಟೆ ಜಾಸ್ತಿ ದಿನ ಇಟ್ಟರೆ ಹುಟ್ಟುವುದಿಲ್ಲ, ಹಣ್ಣು ಉದುರಿದ ಕೆಲವೇ ವಾರದಲ್ಲಿ ಹಾಕಿಬಿಡಬೇಕು.

ಇಲ್ಲಿ ನಮ್ಮ ಟೀಚರ್ ಬದಲಾದರು. ನರ್ಸರಿಯಲ್ಲಿ ಎಷ್ಟೋ ವರ್ಷದಿಂದ ಕೂಲಿ ಕೆಲಸ ಮಾಡುವ ಒಬ್ಬ ಹೆಂಗಸು ಬಂದು ನೆಲದ ಮೇಲೆ ಗೋಣಿ ಹಾಸಿ ಕೂತರು. ಶಾಲೆಗೆ ಹೋದವರಲ್ಲ ಅಂತ ಅವರೇ ಹೇಳಿದರು. ಸಸಿಯ ತಲೆ ಕತ್ತರಿಸಿದರು. ಕಾಂಡದ ನಡುವೆ ಎರಡು ಬೆರಳಗಲ ಸೀಳಿದರು. ಕುಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಹೆರೆದು ಸೀಳಿನಲ್ಲಿ ಕೂರಿಸಿದರು. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕಿದರು. ಒಂದು ನಿಮಿಷವೂ ಆಗಲಿಲ್ಲ.

ನಮಗೆ ಮೊದಲು ಗೊಬ್ಬರದ ಗಿಡದ ಕಡ್ಡಿ ಕೊಟ್ಟರು, ಬೆಣೆ ಹೆರೆದು ಅಭ್ಯಾಸ ಮಾಡಲು. ನಾನು ಹೆರೆದದ್ದೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂತು. ಹಾಗಿದ್ದರೆ ಒಳಗೆ ಗಾಳಿ ನಿಲ್ಲುತ್ತದೆ, ಗಾಯ ಕೂಡುವುದಿಲ್ಲ. ಹತ್ತು ಕಡ್ಡಿ ಮುಗಿಯಿತು. ಆಗ ಅವರು ನನ್ನ ಹಿಂದೆ ಬಂದು ಕೂತು, ಚಾಕು ಹಿಡಿದ ನನ್ನ ಕೈಮೇಲೆ ತಮ್ಮ ಕೈ ಇಟ್ಟರು.

"ಒತ್ಬೇಡಿ ಅಮ್ಮಾ, ಎಳೀರಿ. ಚಾಕು ಒಂದೇ ಸಲ ಹೋಗ್ಬೇಕು."

ಆ ಒರಟು ಅಂಗೈ ನನ್ನ ಕೈಯನ್ನು ತೆಗೆದುಕೊಂಡು ಹೋಯಿತು. ಚಾಕು ಜಾರಿತು. ಕಡ್ಡಿಯ ಮೇಲೆ ನುಣುಪಾದ, ಹಸಿ ಹಸಿ ಇಳಿಜಾರು ಕಾಣಿಸಿತು. ಅಕ್ಕಿ ಹರಡಿದ ತಟ್ಟೆಯಲ್ಲಿ ಎಷ್ಟೋ ಮಕ್ಕಳ ಬೆರಳು ಹಿಡಿದು 'ಅ' ಬರೆಸಿದ್ದೇನೆ. ನನ್ನ ಕೈಯನ್ನು ಹಾಗೆ ಯಾರಾದರೂ ಹಿಡಿದು ಎಷ್ಟು ವರ್ಷವಾಗಿತ್ತೋ! ಕಣ್ಣು ತುಂಬಿ ಬಂತು. ಇದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಹೀಗೇ ದಾಟಬೇಕಾದ್ದು. ನಮ್ಮೂರ ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಇದು ಬರಬೇಕಿತ್ತು. ಬಂದಿದ್ದರೆ ಎಷ್ಟು ಮರ ಉಳಿಯುತ್ತಿದ್ದವು.

ಅವರು ಹೇಳಿದ ಇನ್ನೆರಡು ಮಾತು ಬರೆದುಕೊಂಡೆ. ಕುಡಿ ಸಣ್ಣದಿದ್ದು ಸಸಿ ದಪ್ಪ ಇದ್ದರೆ ನಡುವೆ ಕೂರಿಸಬಾರದು, ಒಂದು ಪಕ್ಕಕ್ಕೆ ಸರಿಸಿ ಸಿಪ್ಪೆಗೆ ಸಿಪ್ಪೆ ಕೂಡಿಸಬೇಕು. ಸಿಪ್ಪೆಯ ಕೆಳಗಿನ ತೆಳುವಾದ ಹಸಿರು ಪದರವೇ ಬೆಳೆಯುವ ಭಾಗ. ಅದು ಒಂದು ಕಡೆಯಾದರೂ ಮುಟ್ಟಿಕೊಂಡರೆ ಸಾಕು. ಎರಡನೆಯದು, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. "ಹೆಂಚು ಹೊದಿಸಿದಂಗೆ. ಮೇಲಿಂದ ಬಿದ್ದ ನೀರು ಜಾರಿ ಹೋಗ್ಬೇಕು, ಒಳಗೆ ಇಳೀಬಾರ್ದು." ಆಮೇಲೆ ಐಸ್‌ಕ್ಯಾಂಡಿ ತುಂಬುವ ಉದ್ದನೆಯ ಪ್ಲಾಸ್ಟಿಕ್ ಕವರನ್ನು ಕುಡಿಗೆ ಟೊಪ್ಪಿಯ ಹಾಗೆ ಹಾಕಿ ಕೆಳಗೆ ಕಟ್ಟಿದೆವು. ಒಳಗೆ ತೇವ ಆರಬಾರದು ಅಂತ.

ಒಬ್ಬೊಬ್ಬರಿಗೆ ಆರು ಸಸಿ ಕೊಟ್ಟರು. ನನ್ನ ಎರಡು ಸಸಿ ಸೀಳುವಾಗಲೇ ಕೆಳಗಿನವರೆಗೆ ಬಿರಿದುಹೋದವು. ನಾಲ್ಕರಲ್ಲಿ ಹಳ್ಳದ ಅಪ್ಪೆಯ ಕುಡಿ ಕೂತಿತು. ಉಳಿದ ಕುಡಿಗಳನ್ನು ಅವರಿಗೇ ಕೊಟ್ಟೆ. ಒಂದು ಕುಡಿಯ ತುದಿ ಚಿವುಟಿ ಮೂಸಿ ನೋಡಿ, "ಜೀರಿಗೆ!" ಅಂದರು. ಮುಖ ಅರಳಿತು. ಮರುಮಾತಾಡದೆ ಕೂತು ಎಲ್ಲವನ್ನೂ ಕಟ್ಟಿಬಿಟ್ಟರು. ಅವು ಅಲ್ಲೇ ನೆರಳುಮನೆಯಲ್ಲಿ ಉಳಿದವು. ಒಂದೇ ಜಾಗದಲ್ಲಿ ಎಲ್ಲ ಇಟ್ಟುಕೊಳ್ಳುವುದಕ್ಕಿಂತ ಅದು ಒಳ್ಳೆಯದು ಅಂತ ನನಗೂ ಅನ್ನಿಸಿತು.

ನಾಲ್ಕು ಗಿಡಗಳನ್ನು ಬಕೆಟ್ಟಿನಲ್ಲಿ ನಿಲ್ಲಿಸಿಕೊಂಡು ರಾತ್ರಿ ಮನೆ ಸೇರಿದೆ. ಕೊಟ್ಟಿಗೆಯ ಪಕ್ಕ ಮಾಡಿನ ಕೆಳಗೆ ಇಟ್ಟೆ. ದಿನಕ್ಕೆ ಎಷ್ಟು ಸಲ ಹೋಗಿ ನೋಡುತ್ತಿದ್ದೆನೋ ಲೆಕ್ಕವಿಲ್ಲ. ಹನ್ನೆರಡನೇ ದಿನ ಒಂದು ಕುಡಿ ಕಪ್ಪಾಯಿತು. ಹದಿನೈದನೇ ದಿನ ಇನ್ನೊಂದರಲ್ಲಿ ಹಸಿರು ಕಂಡಿತು. ಅತ್ತೆಯನ್ನು ಕರೆದೆ. ಹತ್ತಿರ ಹೋಗಿ ನೋಡಿದರೆ ಚಿಗುರು ಬಂದಿದ್ದು ಗಂಟಿನ ಕೆಳಗೆ. ಅದು ಕಾಡುಮಾವಿನದ್ದು. ಬಿಟ್ಟರೆ ಬೇರಿನ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ, ಕಂಡ ಕೂಡಲೇ ಉಜ್ಜಿ ತೆಗೆಯಿರಿ ಅಂತ ಹೇಳಿದ್ದರು. ಹೆಬ್ಬೆರಳಿನಿಂದ ಉಜ್ಜಿ ತೆಗೆದೆ. ಆದರೂ ಆ ಕುಡಿ ಒಣಗಿತು.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಉಳಿದ ಎರಡರ ಕವರಿನೊಳಗೂ ತಾಮ್ರದ ಬಣ್ಣದ ಎಳೆ ಚಿಗುರು. ಗಂಟಿನ ಮೇಲೆ! ಅಂಗಳದಲ್ಲೇ ಜೋರಾಗಿ ಕೂಗಿದೆ.

ಅತ್ತೆ ಕೋಲು ಊರಿಕೊಂಡು ನಿಧಾನಕ್ಕೆ ಬಂದರು. ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ಮಿಡಿ ಬಿಡ್ಲಿಕ್ಕೆ ಎಷ್ಟು ವರ್ಷ?"

"ನಾಲ್ಕೈದು ವರ್ಷ ಬೇಕಂತೆ ಅತ್ತೆ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕೋಲೆತ್ತಿ ಅಂಗಳದ ಆಚೆ, ದಣಪೆಯ ಪಕ್ಕದ ಖಾಲಿ ಜಾಗ ತೋರಿಸಿದರು.

"ಒಂದನ್ನ ಹಳ್ಳದ ಹತ್ರ ನೆಡು. ಇನ್ನೊಂದು ಅಲ್ಲಿರ್ಲಿ. ಜಗಲಿ ಮೇಲೆ ಕೂತ್ರೆ ನಂಗೆ ಕಾಣ್ಬೇಕು."