ವಾಷಿಂಗಿಂದ ವಾಪಸ್ ಬಂದ ಪ್ಯಾಂಟು

ಬಳ್ಳಾರಿ ಜೀನ್ಸ್ ಯೂನಿಟ್‌ಗಳಲ್ಲಿ ಟೈಲರ್‌ಗಳು ನಿಲ್ಲಲ್ಲ ಅನ್ನೋದು ಮಾಲೀಕರ ದಿನಾ ಗೋಳು, ಪಕ್ಕದ ಗಲ್ಲಿಯವ್ರು ಪೀಸಿಗೆ ಒಂದ್ರೂಪಾಯಿ ಜಾಸ್ತಿ ಅಂದ್ರೆ ಸೋಮವಾರ ಮಷೀನ್ ಖಾಲಿ. ನಾನು ಲೆಕ್ಕ ಬರೆಯೋ ಯೂನಿಟ್ಟಲ್ಲೂ ದೀಪಾವಳಿ ಸೀಜನ್ನಲ್ಲಿ ಹಂಗೇ ಆಯ್ತು. ಜಾಸ್ತಿ ಪೀಸ್ ಹೊಲಿದೋರಿಗೆ ಮಿಕ್ಸಿ ಕೊಡೋಣ, ಎಲ್ಲರ್ನೂ ಒಂದ್ ಮಾತು ಕೇಳ್ಕೊಂಡ್ ಬಾ ಅಂದ್ರು ಸಾಹುಕಾರ್ರು.

ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿಗೆ ಕೇಳಿದೆ. ಸೈಡ್ ಹೊಲಿಗೆ ಹಾಕೋ ಅಕ್ಕ, ಎಲ್ಲರಿಗಿಂತ ಹಳಬರು, "ಮಿಕ್ಸಿ ಒಬ್ರ ಮನಿಗೆ ಹೋಗ್ತೈತಿ, ಉಳಿದೋರು ಏನ್ ಮಾಡೂದ್ರಿ? ಹೊಲಿಗೆ ಕೆಟ್ಟೈತಿ, ಆಲ್ಟ್ರೇಷನ್ ಅಂತ ರೊಕ್ಕ ಕಟ್ ಮಾಡ್ತೀರಲ್ಲ, ಮೊದ್ಲು ಆ ಪೀಸ್ ಕಣ್ಣಿಗೆ ತೋರ್ಸ್ರಿ, ನಾನೇ ಬಿಚ್ಚಿ ಹೊಲೀತೀನಿ" ಅಂದ್ರು. ಬೆಲ್ಟ್ ಲೂಪ್ ಹಚ್ಚೋ ಹುಡುಗ, "ಅಣ್ಣ, ನಾವು ಹೊಲ್ದ ಪ್ಯಾಂಟು ಕಡೀಕೆ ಹೆಂಗ್ ಕಾಣ್ತೈತಿ ಅಂತ ಒಮ್ಮೆನೂ ನೋಡಿಲ್ಲ" ಅಂದ.

ನಿಜ. ಒಬ್ರು ಜೇಬು, ಒಬ್ರು ಜಿಪ್ಪು, ಒಬ್ರು ಲೂಪು, ಕೈಯೆಲ್ಲಾ ನೀಲಿ ಮಾಡೋ ಆ ಗಡುಸು ಬಟ್ಟೆ ಹಂಗೇ ವಾಷಿಂಗಿಗೆ ಹೋಗುತ್ತೆ, ಅಲ್ಲಿ ಬಣ್ಣ ಇಳಿದು ಮೆತ್ತಗಾಗಿ, ಬಟನ್ನು ಲೇಬಲ್ಲು ಇಸ್ತ್ರಿ ಎಲ್ಲಾ ಬೇರೆ ಕಡೆ ಮುಗಿಸ್ಕೊಂಡು ಪರಊರಿಗೆ ಹೊರಟೇಬಿಡುತ್ತೆ. ಸಾಹುಕಾರ್ರಿಗೆ ಹೇಳಿ ಪ್ಯಾಕಿಂಗಿಗೂ ಮುಂಚೆ ಒಂದು ಲಾಟ್ ನಮ್ಮ ಶೆಡ್ಡಿಗೆ ತರಿಸಿದೆ. ಅಬ್ಬಾ, ಏನ್ ಗದ್ದಲ! ಅಕ್ಕ ಪ್ಯಾಂಟ್ ಒಳಮಗ್ಗಲು ತಿರುವಿ ತಮ್ಮ ಹೊಲಿಗೆ ಮೇಲೆ ಬೆರಳಾಡಿಸಿ "ಇದು ನಂದೇ" ಅಂತಾರೆ, ಲೂಪ್ ಹುಡುಗ ಒಂದು ಪ್ಯಾಂಟ್ ಸೊಂಟಕ್ಕೆ ಹಿಡ್ಕೊಂಡು ಫೋಟೋ ತೆಗಿಸ್ಕೊಂಡ.

ಅವತ್ತಿಂದ ಎಲ್ಲರಿಗೂ ಒಂದೊಂದು ನೋಟ್‌ಬುಕ್, ಪೀಸ್ ಎಣಿಸಿ ಅವರೆದುರೇ ಬರೀತೀನಿ, ಆಲ್ಟ್ರೇಷನ್ ಪೀಸೂ ಅವರ ಕೈಗೇ ಹೋಗುತ್ತೆ. ಬಟವಾಡೆ ದಿನದ ಜಗಳ ಕಮ್ಮಿ ಆಗೈತಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಜನ ಎಂಜಿನಿಯರ್, ಅಕೌಂಟೆಂಟ್‌ಗಳನ್ನ ಕೇಳಿ 1959ರಲ್ಲಿ ಬರೆದದ್ದು ಬಿಕಾಂನಲ್ಲಿ ಓದಿದ್ದೆ: ಸಂಬಳ ಸರಿ ಇಲ್ದಿದ್ರೆ ಅಸಮಾಧಾನ ಆಗುತ್ತೆ, ಆದ್ರೆ ತೃಪ್ತಿ ಬರೋದು ಕೆಲಸದಿಂದ, ಮೆಚ್ಚುಗೆಯಿಂದ, ಜವಾಬ್ದಾರಿಯಿಂದ ಅಂತ. ಆದ್ರೆ ಪೀಸ್ ರೇಟಿನವರಿಗೆ ಸಂಬಳ, ಮೆಚ್ಚುಗೆ ಎರಡೂ ಬೇರೆ ಅಲ್ಲ ಅಂತ ನನಗನ್ಸುತ್ತೆ, ಲೆಕ್ಕದ ಬುಕ್ಕೇ ಕೂಲಿ, ಅದೇ ಮರ್ಯಾದೆ. ರೇಟ್ ಜಾಸ್ತಿ ಅಂತ ಆಮೇಲೂ ಇಬ್ರು ಬಿಟ್ಟು ಹೋದ್ರು, ಬಾಡಿಗೆ ಕಟ್ಟೋ ಮನೇಲಿ ಒಂದ್ರೂಪಾಯಿ ಸಣ್ಣದಲ್ಲ, ಅವರನ್ನ ಬೈಯೋಕಾಗಲ್ಲ. ಅಕ್ಕ ಈಗ ಹೊಸ ಹುಡುಗೀರಿಗೆ ಕಲಿಸ್ತಾರೆ, ಕಲಿಸೋ ಹೊತ್ತಲ್ಲಿ ಅವರ ಪೀಸ್ ಕಮ್ಮಿ ಬೀಳ್ತಾವೆ, ಅದಕ್ಕೂ ಕೂಲಿ ಹಚ್ಚಿ ಅಂತ ಸಾಹುಕಾರ್ರನ್ನ ಪ್ರತಿ ಬಟವಾಡೆಗೂ ಕೇಳ್ತಿದೀನಿ, ಇನ್ನೂ ಹೂಂ ಅಂದಿಲ್ಲ.